ಮೇಷ್ಟ್ರ ಕತ್ತು ಮತ್ತು ಅರ್ಧ ಮಾತ್ರೆ

ನಮ್ಮ ಬೀದಿಯಲ್ಲಿ ಕಾರು ಓಡಿಸಲು ಬಲ್ಲವರೆಲ್ಲ ಒಬ್ಬನೇ ಮನುಷ್ಯನ ಕೈಲಿ ಬೈಸಿಕೊಂಡು ಕಲಿತವರು. ನಾನೂ ಅದರಲ್ಲಿ ಸೇರಿದ್ದೇನೆ. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಕೂಲು ಅಂದರೆ ಸೈಕಲ್ ಅಂಗಡಿಯ ಪಕ್ಕದ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ದೊಡ್ಡ ಚಾರ್ಟು, ಬಾಗಿಲ ಮುಂದೆ ನೆತ್ತಿಯ ಮೇಲೆ ಹಲಗೆ ಹೊತ್ತು ನಿಂತ ಒಂದು ಬಿಳಿ ಕಾರು. ಸ್ಕೂಲಿನ ಮಾಲೀಕ ಮೇಷ್ಟ್ರ ಹೆಂಡತಿಯ ತಮ್ಮ. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದು ಕೂರುತ್ತಿದ್ದರು, ಮೇಷ್ಟ್ರು ಎಡಗಡೆ. ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಬಾಯಿಂದ ಆಗದಿದ್ದ ಕೆಲಸವನ್ನು ಕಾಲು ಮುಗಿಸುತ್ತಿತ್ತು.

ಅವರು ಕೆಟ್ಟ ಮಾತು ಆಡಿದವರಲ್ಲ. ಆದರೆ ಆ ಕಾರಿನಿಂದ ಇಳಿದವರು ಯಾರೂ ಅದನ್ನು ಒಪ್ಪುತ್ತಿರಲಿಲ್ಲ. "ಆ ಕ್ಲಚ್ಚು ನಿಮಗೇನು ಅನ್ಯಾಯ ಮಾಡಿದೆ ಅಂತ ಹಾಗೆ ತುಳೀತೀರಿ?" ಎಂದು ಕೇಳುತ್ತಿದ್ದರು. "ಕನ್ನಡೀಲಿ ತಲೆ ಬಾಚ್ಕೊಂಡಾಯ್ತಾ? ಆಗಿದ್ರೆ ಹಿಂದೆ ಬರ್ತಿರೋ ಲಾರೀನೂ ಸ್ವಲ್ಪ ನೋಡಿ." ಅವರ ಬಳಿ ಕಲಿತವರು ಪರೀಕ್ಷೆಯಲ್ಲಿ ಫೇಲಾಗುವುದು ಅಪರೂಪ. ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ ಬೈಯುತ್ತಿರಲಿಲ್ಲವಾದ್ದರಿಂದ ಅದು ನಮಗೆ ರಜೆಯ ಹಾಗಿರುತ್ತಿತ್ತು.

ಮೇಷ್ಟ್ರಿಗೆ ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿರುವಾಗ ಮುಖ ಕನ್ನಡಿಯಿಂದ ಸರಿದು ಬಲಕ್ಕೆ ಹೋಯಿತು. ಅವರು ಅದನ್ನು ವಾಪಸು ತಂದರು. ಅದು ಮತ್ತೆ ಹೋಯಿತು. ಮಲಗಿದ್ದು ಸರಿಯಾಗಲಿಲ್ಲವೇನೋ ಎಂದುಕೊಂಡು ಅರ್ಧ ಗಡ್ಡ ಹಾಗೇ ಬಿಟ್ಟು ಕೆಲಸಕ್ಕೆ ಹೋದರು. ತಿಂಗಳುಗಳು ಕಳೆದಂತೆ ಕತ್ತು ಬಲಕ್ಕೆ ತಿರುಚುವುದು ಜಾಸ್ತಿಯಾಯಿತು. ಮೊದಲು ಸಣ್ಣ ಜಗ್ಗು, ಆಮೇಲೆ ನಡುಕ, ಆಮೇಲೆ ಯಾರೋ ಗಲ್ಲ ಹಿಡಿದು ಬಲಭುಜದ ಕಡೆ ಎಳೆದು ನಿಲ್ಲಿಸಿದ ಹಾಗೆ.

ಬಲಗಡೆ ಕೂರುತ್ತಿದ್ದವರು ಕಲಿಯುವವರು ಎಂದೆನಲ್ಲ, ತಾಪತ್ರಯ ಶುರುವಾದದ್ದು ಅಲ್ಲಿಂದಲೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕೋರ್ಸು ಅರ್ಧಕ್ಕೆ ಬಿಟ್ಟಳು. ಮಾಲೀಕನಾದ ಭಾವಮೈದ ಬಾಗಿಲು ಮುಚ್ಚಿ ಮಾತಿಗೆ ಕೂತ.

"ಭಾವ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳು."

"ನೀವು ಆ ಹುಡುಗೀನ ಯಾಕೆ ಹಾಗೆ ನೋಡ್ತಿದ್ರಿ? ರಸ್ತೆ ನೋಡೋದೇ ಇಲ್ಲ, ನನ್ನನ್ನೇ ನೋಡ್ತಾರೆ ಅಂದ್ಲು."

"ನಾನು ನೋಡ್ಲಿಲ್ಲ ಕಣೋ. ಕತ್ತು ನೋಡ್ತು."

ಈ ಮಾತು ಹೇಳುವಾಗ ಮೇಷ್ಟ್ರ ಮುಖ ಭಾವಮೈದನ ಕಡೆ ಇರಲಿಲ್ಲ, ಬಲಗಡೆಯ ಗೋಡೆಯ ಮೇಲಿದ್ದ ಚಾರ್ಟಿನ ಕಡೆ ಇತ್ತು. ಮುಖ ಕೊಟ್ಟು ಮಾತಾಡದ ಮನುಷ್ಯನನ್ನು ನಂಬುವುದು ಕಷ್ಟ. ಭಾವಮೈದ ಎದ್ದು ಹೋಗಿ ಚಾರ್ಟಿನ ಮುಂದೆ ನಿಂತ. ಆಗ ಮೇಷ್ಟ್ರ ಕಣ್ಣು ನೋಡಿದ. ಕಣ್ಣಲ್ಲಿ ನೀರಿತ್ತು.

ಮನೆಯಲ್ಲಿಯೂ ವ್ಯವಸ್ಥೆ ಬದಲಾಯಿತು. ಹೆಂಡತಿ ಬೇಕರಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದವರು. ದಿನವಿಡೀ ಗಿರಾಕಿಗಳ ಮುಖ ನೋಡಿ ಮನೆಗೆ ಬಂದರೆ ಗಂಡನ ಎಡಗಿವಿ ಮಾತ್ರ ಕಾಣಿಸುತ್ತಿತ್ತು. "ನಿಮ್ಮ ಕಿವಿ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ ನನಗೆ" ಎಂದು ಒಂದು ದಿನ ತಟ್ಟೆ ಎತ್ತಿಕೊಂಡು ಊಟದ ಮೇಜಿನ ಆ ಬದಿಗೆ ಹೋಗಿ ಕೂತರು. ಮದುವೆಯಾದಾಗಿನಿಂದ ಅವರು ಕೂತಿದ್ದು ಈ ಬದಿ. ಮಂಚದಲ್ಲೂ ಜಾಗ ಬದಲಾಯಿತು. ಟೀವಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರು. ಕಿಟಕಿಯ ಬೆಳಕಿಗೆ ಟೀವಿ ಸರಿಯಾಗಿ ಕಾಣಿಸುತ್ತಿರಲಿಲ್ಲ, ಆದರೆ ಎದುರಿಗಂತೂ ಇತ್ತು.

ಒಂದು ಉಪಾಯವನ್ನು ಮೇಷ್ಟ್ರು ತಾವೇ ಕಂಡುಕೊಂಡರು. ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ಕತ್ತು ಸ್ವಲ್ಪ ಹೊತ್ತು ನೇರವಾಗುತ್ತಿತ್ತು. ತಳ್ಳಬೇಕಾಗಿಯೇ ಇರಲಿಲ್ಲ, ಸುಮ್ಮನೆ ತಾಗಿಸಿದರೆ ಸಾಕು. ಹೀಗಾಗಿ ಅವರು ಎಲ್ಲಿ ಕೂತರೂ ಗಲ್ಲಕ್ಕೆ ಬೆರಳಿಟ್ಟುಕೊಂಡು ಕೂರತೊಡಗಿದರು. ಬೀದಿಯಲ್ಲಿ ಅವರ ಬಗ್ಗೆ ಗೌರವ ಹೆಚ್ಚಿತು. ಏನೋ ಭಾರಿ ಯೋಚನೆ ಮಾಡುತ್ತಿದ್ದಾರೆ ಎಂದು ಜನ ತಿಳಿದರು.

ಎಣ್ಣೆ ಹಾಕಿ ತಿಕ್ಕಿಸಿದರು, ಆಗಲಿಲ್ಲ. ಮೂಳೆ ಡಾಕ್ಟರು ಕತ್ತಿಗೆ ದಪ್ಪನೆಯ ಪಟ್ಟಿ ಕಟ್ಟಿದರು. ಪಟ್ಟಿಯೊಳಗೇ ಕತ್ತು ತಿರುಗಿಕೊಂಡಿತು. ಅದಕ್ಕಿಂತ ದೊಡ್ಡ ನಷ್ಟವಾದದ್ದು ಸ್ಕೂಲಿಗೆ. ಡ್ರೈವಿಂಗ್ ಕಲಿಯಲು ಬಂದವರು ಕತ್ತಿಗೆ ಪಟ್ಟಿ ಕಟ್ಟಿಕೊಂಡ ಮೇಷ್ಟ್ರನ್ನು ಬಾಗಿಲಲ್ಲೇ ನೋಡಿ, ಆಮೇಲೆ ಬರ್ತೀವಿ ಎಂದು ಹೋಗುತ್ತಿದ್ದರು. ಭಾವಮೈದನೇ ಆ ಪಟ್ಟಿ ಬಿಚ್ಚಿಸಿ, ನರಗಳ ಡಾಕ್ಟರಮ್ಮನ ವಿಳಾಸ ತಂದುಕೊಟ್ಟ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕಡಿಮೆ ಮಾತಿನವರು. ಕತ್ತನ್ನು ಹಿಡಿದು, ಬಿಟ್ಟು, ನಡೆಸಿ, ಕೂರಿಸಿ ನೋಡಿದರು.

"ನಿಮ್ಮ ಕತ್ತಿಗೆ ಏನೂ ಆಗಿಲ್ಲ."

"ಮತ್ತೆ ಯಾಕೆ ತಿರುಗುತ್ತೆ?"

"ಮೆದುಳು ತಿರುಗು ಅನ್ನುತ್ತೆ, ಅದು ತಿರುಗುತ್ತೆ. ಡಿಸ್ಟೋನಿಯಾ ಅಂತಾರೆ. ಮೆದುಳಿಂದ ಸ್ನಾಯುಗಳಿಗೆ ತಪ್ಪು ಆಜ್ಞೆ ಹೋಗ್ತಿದೆ. ಇದಕ್ಕೆ ಸರಿಯಾದದ್ದು ಇಂಜೆಕ್ಷನ್ನು, ಕತ್ತಿನ ಸ್ನಾಯುಗಳಿಗೇ ಕೊಡಬೇಕು. ದೊಡ್ಡಾಸ್ಪತ್ರೇಲಿ ಕೊಡ್ತಾರೆ, ಸರದಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಅಲ್ಲೀವರೆಗೂ ಒಂದು ಮಾತ್ರೆ ಕೊಡ್ತೀನಿ."

ಅದು ನರಗಳ ಅಬ್ಬರ ಇಳಿಸುವ ಮಾತ್ರೆ. ಜೊತೆಗೆ ನಿದ್ದೆಯನ್ನೂ ತರುವಂಥದ್ದು. ಮಲಗುವ ಮುಂಚೆ ಅರ್ಧದಿಂದ ಶುರು ಮಾಡಿ, ನೋಡಿಕೊಂಡು ನಿಧಾನವಾಗಿ ಏರಿಸೋಣ ಎಂದರು. ಮಂಪರು ಇರುತ್ತದೆ, ಗಾಡಿ ಓಡಿಸಬಾರದು ಎಂದರು. ಕೊನೆಗೆ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಮೇಷ್ಟ್ರು" ಎಂದರು ಮೇಷ್ಟ್ರು.

ಡಾಕ್ಟರಮ್ಮ ಅಷ್ಟನ್ನೇ ಬರೆದುಕೊಂಡರು.

ಮನೆಗೆ ಬಂದು ಹೆಂಡತಿಗೆ ವಿಷಯವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. "ಗಾಡಿ ಓಡಿಸ್ಬಾರ್ದಂತೆ."

"ಹಾಗಾದ್ರೆ ಕೆಲಸ?"

"ನಾನೆಲ್ಲಿ ಓಡಿಸ್ತೀನಿ? ಓಡಿಸೋರು ಅವರು. ನಾನು ಪಕ್ಕದಲ್ಲಿ ಕೂರ್ತೀನಿ."

ಹೆಂಡತಿ ಯೋಚಿಸಿದರು. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಬೇಕರಿಗೆ ಹೊತ್ತಾಗಿತ್ತು, ಹೊರಟುಬಿಟ್ಟರು.

ಅರ್ಧ ಮಾತ್ರೆಗೆ ಕತ್ತು ಸೊಪ್ಪು ಹಾಕಲಿಲ್ಲ. ಒಂದಾಯಿತು. ಆಮೇಲೆ ಬೆಳಿಗ್ಗೆಯೂ ಒಂದು ಸೇರಿತು. ಆಗ ಕತ್ತಿನ ಹಟ ಕಡಿಮೆಯಾಯಿತು. ಪೂರ್ತಿ ನೇರವಾಗದಿದ್ದರೂ ನೋವು ಇಳಿಯಿತು, ನಡುಕ ನಿಂತಿತು, ಮೇಷ್ಟ್ರು ಕನ್ನಡಿ ನೋಡಿಕೊಂಡು ಎರಡೂ ಕಡೆ ಗಡ್ಡ ತೆಗೆದರು. ಕತ್ತಿನ ಜೊತೆಗೆ ಇನ್ನೊಂದೂ ಸಡಿಲವಾಯಿತು. ಅವರ ಸಿಟ್ಟು.

ಕಲಿಯುವವನೊಬ್ಬ ಕಾರನ್ನು ರಿವರ್ಸ್ ತೆಗೆಯುತ್ತಾ ಕಸದ ಡಬ್ಬಿಯನ್ನು ಮಟ್ಟಸವಾಗಿ ಮಲಗಿಸಿದ. ಇಳಿದು ಓಡಿಹೋಗಲು ಬಾಗಿಲ ಹಿಡಿಗೆ ಕೈ ಹಾಕಿದ್ದ. "ಇರ್ಲಿ ಬಿಡಿ" ಎಂದರು ಮೇಷ್ಟ್ರು. "ಅದೂ ನಿಂತೂ ನಿಂತೂ ಸುಸ್ತಾಗಿತ್ತೇನೋ." ಈ ಸುದ್ದಿ ಊರಲ್ಲಿ ಹಬ್ಬಿತು. ಮೊದಲು ಹೆದರಿ ದೂರ ಉಳಿದಿದ್ದವರು, ಹಿಂದೆ ಬೈಸಿಕೊಂಡು ಬಿಟ್ಟುಹೋದವರು, ಎಲ್ಲರೂ ಬಂದು ಹೆಸರು ಬರೆಸಿದರು. ಭಾವಮೈದನ ಮುಖ ಅರಳಿತು. "ಭಾವ, ಯಾರು ಏನೇ ಹೇಳ್ಲಿ, ಆ ಮಾತ್ರೆ ಮಾತ್ರ ಬಿಡ್ಬೇಡಿ" ಎಂದ.

ಹೆಂಡತಿಗೆ ಅಷ್ಟು ಸಮಾಧಾನ ಇರಲಿಲ್ಲ. ಜಗಳ ಆಡಿದರೆ ಎದುರು ಮಾತು ಬರುತ್ತಿರಲಿಲ್ಲ. ಒಬ್ಬರೇ ಎಷ್ಟು ಹೊತ್ತು ಜಗಳ ಆಡುವುದು? ಹೆಂಡತಿ ತಮ್ಮ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಬೇಕಂತೆ ಎಂದು ಅಳುತ್ತಾ ಹೇಳಿದಾಗ ಮೇಷ್ಟ್ರು, "ಒಳ್ಳೇದಾಯ್ತು, ಮಾಡಿಸ್ಲಿ" ಎಂದು ಮಗ್ಗುಲಾದರು. ಹೇಳಿದ್ದು ಮರೆಯುತ್ತಿದ್ದರು. ಸ್ನಾನ ಮಾಡಿ ಬಂದು, ಸ್ನಾನ ಮಾಡ್ತೀನಿ ಎಂದು ಟವೆಲ್ಲು ಹುಡುಕುತ್ತಿದ್ದರು. "ಕತ್ತು ಸರಿಹೋಯ್ತು, ಮನುಷ್ಯ ಎಲ್ಲಿ ಹೋದ ಅಂತ ಕೇಳ್ಬೇಕಾಗಿದೆ" ಎಂದು ಹೆಂಡತಿ ತಮ್ಮನ ಬಳಿ ಹೇಳಿದರು. ತಮ್ಮ ಕೇಳಿಸಿಕೊಂಡ ಹಾಗೆ ಮಾಡಿದ.

ಇಂಥ ಹೊತ್ತಿನಲ್ಲಿ ಸ್ಕೂಲಿಗೆ ಬಂದವರು ಲಾಂಡ್ರಿ ಅಮ್ಮ. ಪೇಟೆಯ ಹೋಟೆಲುಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವರದು. ಅವರ ವ್ಯಾನಿನ ಡ್ರೈವರ್ ಹೇಳದೆ ಕೇಳದೆ ಕೆಲಸ ಬಿಟ್ಟಿದ್ದ. ವ್ಯಾನು ನಿಂತಲ್ಲೇ ನಿಂತಿತ್ತು. ಇನ್ನೊಬ್ಬರನ್ನು ನಂಬಿಕೊಂಡು ಕೂತರೆ ಆಗುವುದಿಲ್ಲ ಎಂದು ಅರವತ್ತರ ಹತ್ತಿರದಲ್ಲಿ ತಾವೇ ಕಲಿಯಲು ಬಂದರು. ಬಲು ವಿಧೇಯ ಹೆಂಗಸು. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದರು. ನಿಲ್ಲಿಸಿ ಎಂದರೆ ನಡುರಸ್ತೆಯಲ್ಲೂ ನಿಲ್ಲಿಸುತ್ತಿದ್ದರು.

ಆ ದಿನ ಮಧ್ಯಾಹ್ನ ಊಟದ ಮೇಲೆ ಅವರ ಪಾಠ. ಬಿಸಿಲಿಗೆ ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಪೇಟೆಯ ಗದ್ದಲ ದಾಟಿಸಿ ಹೆದ್ದಾರಿಗೆ ತಂದು, "ಇನ್ನು ನಾನು ಹೇಳೋವರೆಗೂ ನೇರ ಹೋಗ್ತಾ ಇರಿ" ಎಂದರು. ಗಲ್ಲಕ್ಕೆ ಬೆರಳಿಟ್ಟುಕೊಂಡು ಸೀಟಿಗೆ ಒರಗಿದರು.

ಲಾಂಡ್ರಿ ಅಮ್ಮ ನೇರ ಹೋಗುತ್ತಾ ಇದ್ದರು. ಹೊಳೆಯ ಸೇತುವೆ ಬಂತು, ದಾಟಿದರು. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಇತ್ತು. ಹಿಂದಿನ ಪಾಠದಲ್ಲಿ ಹೇಳಿಕೊಟ್ಟ ಹಾಗೆ ಕನ್ನಡಿ ನೋಡಿ, ಲೈಟು ಹಾಕಿ, ಹಾರ್ನ್ ಹೊಡೆದು ಅದನ್ನು ಹಿಂದೆ ಹಾಕಿದರು. ಮೇಷ್ಟ್ರು ತಿದ್ದಲಿಲ್ಲ. ಸರಿಯಾಗಿಯೇ ಮಾಡಿದೆ ಎಂದು ಲಾಂಡ್ರಿ ಅಮ್ಮ ಅಂದುಕೊಂಡರು. ರೈಲ್ವೆ ಗೇಟು ಹಾಕಿತ್ತು. ನಿಂತರು. ಗೇಟು ಎತ್ತಿದಾಗ ಎಂಜಿನ್ ಆಫ್ ಆಗದ ಹಾಗೆ ಹೊರಟರು. ಅದು ಅವರ ಜೀವನದಲ್ಲಿ ಮೊದಲ ಸಲ. ಹೆಮ್ಮೆಯಿಂದ ಪಕ್ಕಕ್ಕೆ ನೋಡಿದರೆ ಮೇಷ್ಟ್ರು ಇತ್ತಲೇ ಮುಖ ಮಾಡಿಕೊಂಡು, ಕಪ್ಪು ಕನ್ನಡಕದಲ್ಲಿ, ಗಾಢ ಯೋಚನೆಯಲ್ಲಿದ್ದರು. ಒಂದು ಊರು ಬಂತು, ಹೋಯಿತು. ಇನ್ನೊಂದು ಬಂತು. ಲಾಂಡ್ರಿ ಅಮ್ಮನಿಗೂ ಒಮ್ಮೆ ಅನುಮಾನ ಬಂದದ್ದು ನಿಜ.

"ಮೇಷ್ಟ್ರೇ, ಇನ್ನೂ ನೇರಾನೇ ಹೋಗ್ಲಾ?"

"ಹ್ಞೂಂ" ಎಂದರು ಮೇಷ್ಟ್ರು ನಿದ್ದೆಯಲ್ಲಿ.

ಮತ್ತೆ ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಕೊನೆಗೆ ಕಾರಿನಲ್ಲಿ ಪೆಟ್ರೋಲಿನ ಕೆಂಪು ದೀಪ ಹತ್ತಿತು. ಅದರ ಬಗ್ಗೆ ಮೇಷ್ಟ್ರು ಏನೂ ಹೇಳಿಕೊಟ್ಟಿರಲಿಲ್ಲ. ಲಾಂಡ್ರಿ ಅಮ್ಮ ಅವತ್ತು ಮೊದಲ ಬಾರಿ ಸ್ವಂತ ಬುದ್ಧಿಯಿಂದ ಸ್ಟೇರಿಂಗ್ ತಿರುಗಿಸಿ ಒಂದು ಪೆಟ್ರೋಲ್ ಬಂಕಿಗೆ ನುಗ್ಗಿಸಿ ನಿಲ್ಲಿಸಿದರು. ಬಂಕಿನವನು ಎಡಗಡೆಯ ಕಿಟಕಿ ಬಡಿದ. ಮೇಷ್ಟ್ರಿಗೆ ಎಚ್ಚರವಾಯಿತು.

"ಇದೆಲ್ಲಿ?"

"ಗೊತ್ತಿಲ್ಲ ಮೇಷ್ಟ್ರೇ. ನೀವು ಎಡಕ್ಕೆ ಬಲಕ್ಕೆ ಏನೂ ಹೇಳ್ಲೇ ಇಲ್ಲ."

ಬಂಕಿನವನು ಊರಿನ ಹೆಸರು ಹೇಳಿದ. ಅದು ಪಕ್ಕದ ಜಿಲ್ಲೆಯ ಊರು. ಮೇಷ್ಟ್ರು ಕನ್ನಡಕ ತೆಗೆದು ಸುತ್ತ ನೋಡಿದರು. ಆಮೇಲೆ ತಮ್ಮ ಕಾಲ ಬಳಿಯ ಬ್ರೇಕನ್ನು ನೋಡಿದರು. ಎರಡೂ ಕಾಲುಗಳು ಅದರಿಂದ ದೂರ ಹೋಗಿ ಸೀಟಿನ ಕೆಳಗೆ ಬೆಚ್ಚಗೆ ಮಡಚಿಕೊಂಡಿದ್ದವು. ಮಾತ್ರೆ ಶುರುವಾದ ಮೇಲೆ ಮೊದಲ ಸಲ ಅವರಿಗೆ ಭಯವಾಯಿತು. ಇದನ್ನು ಅವರೇ ನನಗೆ ಹೇಳಿದ್ದಾರೆ.

"ಅಮ್ಮಾ, ನಾನು ನಿದ್ದೆ ಮಾಡ್ತಿದ್ದೆ."

"ಅಯ್ಯೋ, ಯೋಚನೆ ಮಾಡ್ತಿದೀರಿ ಅಂದ್ಕೊಂಡೆನಲ್ಲ!"

"ಇಲ್ಲಮ್ಮ. ಸೇತುವೆಗಿಂತ ಮುಂಚೇನೇ ಮಲಗಿಬಿಟ್ಟಿದ್ದೆ."

"ಅಂದ್ರೆ... ಅಷ್ಟು ದೂರ ನಾನು ಒಬ್ಬಳೇ ಓಡಿಸ್ದೆನಾ?"

ಅಳಬೇಕೋ ನಗಬೇಕೋ ತಿಳಿಯದೆ ಲಾಂಡ್ರಿ ಅಮ್ಮ ಸ್ಟೇರಿಂಗ್ ಮೇಲಿದ್ದ ತಮ್ಮ ಕೈಗಳನ್ನೇ ನೋಡಿದರು. ಇನ್ನು ಒಂದು ಗೇಣು ಕೂಡ ಓಡಿಸಲು ತಮ್ಮಿಂದಾಗದು ಎಂದರು. ಮೇಷ್ಟ್ರಿಗೂ ಓಡಿಸುವ ಹಾಗಿರಲಿಲ್ಲ. ಇಬ್ಬರೂ ಬಂಕಿನ ಬೆಂಚಿನ ಮೇಲೆ ಕೂತರು. ಭಾವಮೈದ ಬಸ್ಸು ಹಿಡಿದು ಬಂದು ಕರೆದುಕೊಂಡು ಹೋಗುವ ಹೊತ್ತಿಗೆ ಸಂಜೆಯಾಗಿತ್ತು. ದಾರಿಯಲ್ಲಿ ರೈಲ್ವೆ ಗೇಟು ಬಂದಾಗ ಲಾಂಡ್ರಿ ಅಮ್ಮ, "ಇಲ್ಲೇ, ಆಫ್ ಆಗ್ಲೇ ಇಲ್ಲ" ಎಂದರು.

ಮನೆಗೆ ಬಂದವರೇ ಮೇಷ್ಟ್ರು ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದು ನೀರು ಬಿಟ್ಟರು. ತಪ್ಪು ತಮ್ಮದು, ತಿದ್ದಿಕೊಂಡಾಯಿತು ಎಂದುಕೊಂಡರು. ಆ ತಿದ್ದುಪಡಿ ಕುತ್ತಿಗೆಗೇ ಬಂತು. ಒಂದೆರಡು ದಿನದಲ್ಲಿ ಗಲ್ಲ ಭುಜಕ್ಕೆ ಮುಟ್ಟುವಷ್ಟು ತಿರುಚಿಕೊಂಡಿತು. ಬೆರಳಿಟ್ಟರೂ ಕೇಳಲಿಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. ಮೈ ಬೆವರಿತು, ಕೈ ನಡುಗಿತು, ಎದೆ ಸುಮ್ಮಸುಮ್ಮನೆ ಡವಡವ ಹೊಡೆದುಕೊಂಡಿತು. ಗೋಡೆಯ ಗಡಿಯಾರದ ಸದ್ದಿಗೆ ಸಿಟ್ಟು ಬಂದು ಅದರ ಸೆಲ್ಲು ಕಿತ್ತರು. ಹೆಂಡತಿ ಬೇಕರಿಗೆ ರಜೆ ಹಾಕಿ, ಆಟೋ ಕರೆದು, ಅವರನ್ನು ಡಾಕ್ಟರಮ್ಮನ ಮುಂದೆ ಕೂರಿಸಿದರು.

"ಮಾತ್ರೆ ನಿಲ್ಲಿಸಿ ಅಂತ ಯಾರು ಹೇಳಿದ್ದು?"

"ಯಾರೂ ಇಲ್ಲ. ಕೆಲಸದಲ್ಲಿ ನಿದ್ದೆ ಬಂತು, ಅದಕ್ಕೆ ನಿಲ್ಲಿಸ್ದೆ."

"ಪಾಠ ಮಾಡ್ತಾ ನಿದ್ದೆ ಬಂತಾ? ಯಾವ ಪಾಠ ನಿಮ್ಮದು?"

ಹೆಂಡತಿ ಬಾಯಿಬಿಟ್ಟರು. "ಡ್ರೈವಿಂಗ್ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಾನು ಓಡಿಸಲ್ಲ ಡಾಕ್ಟ್ರೇ" ಎಂದರು ಮೇಷ್ಟ್ರು. "ಓಡಿಸೋರು..."

"ಆ ಮಾತು ಮುಗಿಸ್ಬೇಡಿ."

ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು, ನಿಮ್ಮ ಪುಣ್ಯ ಎಂದು ಡಾಕ್ಟರಮ್ಮ ಬೈದರು. ಏರುವಾಗ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದಿರೋ ಇಳಿಯುವಾಗಲೂ ಹಾಗೇ, ಅದಕ್ಕಿಂತ ನಿಧಾನವಾಗಿ ಇಳಿಯಬೇಕು ಎಂದರು. ಮಾತ್ರೆಯ ಹೊಸ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟರು. ತಾವು ಹೇಳುವವರೆಗೆ ಕಾರಿನ ಮುಂದಿನ ಸೀಟಿನಲ್ಲಿ, ಯಾವ ಬದಿಯಾದರೂ ಸರಿ, ಕೂರಕೂಡದು ಎಂದು ಒತ್ತಿ ಹೇಳಿದರು. ದೊಡ್ಡಾಸ್ಪತ್ರೆಗೆ ತಾವೇ ಫೋನು ಮಾಡಿ ಸರದಿ ಮುಂದಕ್ಕೆ ತಂದರು.

ಆ ತಿಂಗಳುಗಳು ಮೇಷ್ಟ್ರಿಗೆ ಸುಲಭವಾಗಿರಲಿಲ್ಲ. ಕಾರಿನಲ್ಲಿ ಪಾಠ ಮಾಡುವ ಕೆಲಸ ಭಾವಮೈದನ ಪಾಲಿಗೆ ಬಂತು. ಅವನಿಗೆ ಕಾರು ಓಡಿಸಲು ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. "ಹೀಗೆ ಮಾಡಿ" ಎಂದು ತಾನೇ ಸ್ಟೇರಿಂಗ್ ಕಿತ್ತುಕೊಳ್ಳುತ್ತಿದ್ದ. ಮೇಷ್ಟ್ರು ಕೋಣೆಯಲ್ಲಿ ಚಾರ್ಟಿನ ಪಾಠ ಹೇಳುತ್ತಾ, ಹಿಂದಿನ ಬಯಲಿನಲ್ಲಿ ಕಾರಿನ ಪಕ್ಕದಲ್ಲೇ ನಡೆಯುತ್ತಾ, ಕಿಟಕಿಯೊಳಗೆ ಮಾತು ತೂರಿಸುತ್ತಾ ಕಾಲ ಹಾಕಿದರು. ಕತ್ತು ಬಲಕ್ಕೆ ಇದ್ದುದರಿಂದ ಅವರು ಕಾರಿನ ಎಡಗಡೆಯೇ ನಡೆಯಬೇಕಾಗಿತ್ತು.

ದೊಡ್ಡಾಸ್ಪತ್ರೆಗೆ ಹೋಗುವುದು ಇನ್ನೊಂದು ಪಾಡು. ಮೊದಲ ಸಲ ಬಸ್ಸಿನಲ್ಲಿ ಹೋದರು. ಬಲಗಡೆ ಕೂತಿದ್ದ ದಾಂಡಿಗನೊಬ್ಬ, "ಏನ್ರೀ ಆಗ್ಲಿಂದ ಗುರಾಯಿಸ್ತಿದೀರಿ?" ಎಂದು ಎದ್ದು ನಿಂತ. ಹೆಂಡತಿ ನಡುವೆ ಬಂದು ಕಾಯಿಲೆಯ ಚರಿತ್ರೆಯನ್ನೆಲ್ಲ ಹೇಳಿದರು. ಪೂರ್ತಿ ಕೇಳಿದ ಮೇಲೆ ಅವನು ಅಯ್ಯೋ ಪಾಪ ಎಂದು ಇಳಿಯುವವರೆಗೂ ಮೇಷ್ಟ್ರನ್ನೇ ನೋಡುತ್ತಾ ಕೂತ. ಅದು ಮೊದಲಿನದಕ್ಕಿಂತ ಹಿಂಸೆಯಾಯಿತು.

ಆಗ ಹೆಂಡತಿ, ನಾನೇ ಕಾರು ಕಲಿಯುತ್ತೇನೆ ಎಂದರು. ಮದುವೆಯಾದ ಹೊಸತರಲ್ಲಿ ಮೇಷ್ಟ್ರೇ ಅವರಿಗೆ ಕಲಿಸಲು ಹೋಗಿದ್ದರಂತೆ. ಎರಡನೇ ಬೈಗುಳಕ್ಕೇ ಆಕೆ ಕಾರನ್ನು ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಕೀ ಕಿತ್ತುಕೊಂಡು, ನಡೆದುಕೊಂಡು ಮನೆಗೆ ಹೋಗಿದ್ದರಂತೆ. ಈ ಸಲ ಗಂಡನೂ ಬೇಡ, ತಮ್ಮನೂ ಬೇಡ ಎಂದು ಲಾಂಡ್ರಿ ಅಮ್ಮನನ್ನು ಹಿಡಿದರು. ಅವರು ಅಷ್ಟರಲ್ಲಿ ಪರೀಕ್ಷೆ ಪಾಸಾಗಿ ವ್ಯಾನಿನಲ್ಲಿ ಬಟ್ಟೆ ಗಂಟು ಹೇರಿಕೊಂಡು ಪೇಟೆಯೆಲ್ಲ ಸುತ್ತುತ್ತಿದ್ದರು. ಲಾಂಡ್ರಿ ಅಮ್ಮ ಕಲಿತದ್ದು ಮಾತ್ರೆಯ ಕಾಲದ ಮೇಷ್ಟ್ರ ಬಳಿ. ಕಲಿಸಿದ್ದೂ ಹಾಗೆಯೇ. "ಇರ್ಲಿ ಬಿಡಿ, ಮತ್ತೆ ಹೊರಡಿ" ಎನ್ನುವುದನ್ನು ಬಿಟ್ಟು ಬೇರೆ ಪಾಠ ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರ ಹೆಂಡತಿಗೆ ಅಷ್ಟೇ ಸಾಕಾಯಿತು.

ಇಂಜೆಕ್ಷನ್ ಕೊಟ್ಟ ದಿನ ಏನೂ ಆಗಲಿಲ್ಲ. ಎರಡನೇ ವಾರದಲ್ಲಿ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೇಷ್ಟ್ರು ಎಡಕ್ಕೆ ತಿರುಗಿದರು. ಬೆರಳಿಡದೆ, ಎಳೆಯದೆ, ಸುಮ್ಮನೆ ತಿರುಗಿದರು. ಆ ಕಡೆಯ ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಈ ಗೋಡೆಗೆ ಯಾವಾಗ್ಲೇ ಹಸಿರು ಬಣ್ಣ ಹೊಡೆಸಿದ್ದು?"

"ಹೋದ ವರ್ಷ" ಎಂದರು ಹೆಂಡತಿ. "ನೀವೇ ಹೊಡೆಸಿದ್ದು. ಬಣ್ಣ ಆರಿಸಿದ್ದೂ ನೀವೇ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಆ ವರ್ಷದಲ್ಲಿ ತಾನು ಇನ್ನೇನೇನು ಮಾಡಿದೆ ಎಂದು ಒಂದೊಂದಾಗಿ ಕೇಳಿದರು. ಹೆಂಡತಿ ಒಂದೊಂದಾಗಿ ಹೇಳಿದರು. ಅಕ್ಕನ ಆಪರೇಷನ್ ವಿಷಯವೂ ಬಂತು. ಅವತ್ತು ಸಂಜೆ ಮೇಷ್ಟ್ರು ಹೆಂಡತಿಯ ಅಕ್ಕನ ಮನೆಗೆ ಹೋಗಿ, ಹಣ್ಣಿನ ಚೀಲ ಕೈಗಿತ್ತು, ಹುಷಾರಾಗಿದೀರಾ ಎಂದು ಕೇಳಿ ಬಂದರು. ಆಕೆ ಹುಷಾರಾಗಿ ಎಂಟು ತಿಂಗಳಾಗಿತ್ತು.

ಈಗ ಮಾತ್ರೆ ಮಲಗುವ ಮುಂಚೆ ಒಂದು ಚೂರಿಗೆ ಇಳಿದಿದೆ. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರಮ್ಮ ಒಪ್ಪಿದ್ದಾರೆ. ಮೇಷ್ಟ್ರು ಎಡಗಡೆಯ ಸೀಟಿಗೆ ಮರಳಿದ್ದಾರೆ, ಸಿಟ್ಟೂ ಮರಳಿದೆ. ಹೊಸದಾಗಿ ಬಂದವರು ಕೆಲವರು, "ನಮಗೆ ಆ ಶಾಂತವಾದ ಮೇಷ್ಟ್ರೇ ಬೇಕು" ಎಂದು ಕೇಳುತ್ತಾರೆ. ಅವರು ಕೆಲಸ ಬಿಟ್ಟರು ಎಂದು ಭಾವಮೈದ ನಿಟ್ಟುಸಿರಿಡುತ್ತಾನೆ.

ಇಂಜೆಕ್ಷನ್ನಿನ ಬಲ ಕೆಲವು ತಿಂಗಳು ಮಾತ್ರ. ಅದು ಕರಗುತ್ತಾ ಬಂದಂತೆ ಕತ್ತು ಮೆಲ್ಲಗೆ ಬಲಕ್ಕೆ ಹೊರಳುತ್ತದೆ. ಆಗ ಹೆಂಡತಿ ಕಾರು ತೆಗೆಯುತ್ತಾರೆ, ಮೇಷ್ಟ್ರು ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ಹೋದ ಸಲ ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆಯ ಆ ಕೋಣೆಯ ಮುಂದೆ ಉದ್ದ ಬೆಂಚಿನಲ್ಲಿ ಹತ್ತಾರು ಜನ, ಒಬ್ಬೊಬ್ಬರ ಮುಖ ಒಂದೊಂದು ದಿಕ್ಕಿಗೆ. ಒಬ್ಬರು ಸೂರು ನೋಡುತ್ತಿದ್ದರು, ಒಬ್ಬಾಕೆ ತನ್ನ ಎದೆಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಅಲ್ಲಿಗೆ ಕಾಲಿಡುತ್ತಲೇ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಎಡಕ್ಕೆ ಕತ್ತು ತಿರುಗಿದ್ದ ಒಬ್ಬ ಬಡಗಿಯನ್ನು ಹುಡುಕಿ, ಅವನ ಎಡಪಕ್ಕದಲ್ಲಿ ಕೂತರು. ಈಗ ಒಬ್ಬರಿಗೊಬ್ಬರು ಎದುರುಬದುರಾದರು. ನರ್ಸು ಕರೆಯುವವರೆಗೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಳೆ, ಮರ, ಗೇರ್ ಬಾಕ್ಸು ಎಂದು ಮಾತಾಡುತ್ತಲೇ ಇದ್ದರು.